ಬೆಳಕಿಂಡಿಗೆ ಗಾಜು ಮುಚ್ಚಿ ಕೆಟ್ಟೆ

ಚಳ್ಳಕೆರೆ ಕಡೆಯ ಒಂದು ಹಳ್ಳಿಯಲ್ಲಿ ಅಜ್ಜ ಅಜ್ಜಿಯೊಬ್ಬರಿಗೆ ನಾನು ನಕ್ಷೆ ಬರೆದು ಕಟ್ಟಿಸಿದ ಮೊದಲ ಮಣ್ಣಿನ ಮನೆಗೆ ಜನವರಿಯಲ್ಲಿ ಗೃಹಪ್ರವೇಶ ಆಯಿತು. ಏಪ್ರಿಲ್‌ನಲ್ಲಿ ಮನೆಯ ಅಜ್ಜಿ ಫೋನ್ ಮಾಡಿದರು. "ಯವ್ವಾ, ಒಂದಿನ ಮಧ್ಯಾಹ್ನದ ಹೊತ್ತಿಗೆ ಬಾ. ಊಟ ಇಲ್ಲೇ ಮಾಡುವಂತೆ."

ದಾವಣಗೆರೆಯಿಂದ ಬಸ್ಸಿನಲ್ಲಿ ಹೋದೆ. ಅಜ್ಜಿ ಬೇಕಂತಲೇ ಅಡುಗೆಮನೆಯಲ್ಲಿ ತಟ್ಟೆ ಹಾಕಿದರು. ಎರಡು ತುತ್ತು ಮುದ್ದೆ ನುಂಗುವಷ್ಟರಲ್ಲಿ ಬೆನ್ನೆಲ್ಲ ಒದ್ದೆ. ತಲೆ ಎತ್ತಿದರೆ ಸೂರಿನಲ್ಲಿ ನಾನೇ ಇಡಿಸಿದ ಮೂರಡಿ ಅಗಲದ ಗಾಜಿನ ಬೆಳಕಿಂಡಿ. ಬಿಸಿಲು ನೇರ ಒಲೆಕಟ್ಟೆ ಮೇಲೆ ಬೀಳುತ್ತಿತ್ತು.

"ಬೆಳಕೇನೋ ಕೊಟ್ಟೆ," ಅಂದರು ಅಜ್ಜಿ. "ಸೆಕೆ ಎತ್ತಾಗ್ ಹೋಗ್ಬೇಕವ್ವಾ?"

ಅವರ ಹಳೇ ಮನೆ ಮಾಳಿಗೆ ಮನೆ. ಎರಡಡಿ ದಪ್ಪದ ಗೋಡೆ. ಕಂಬದ ಮೇಲೆ ತೊಲೆ, ತೊಲೆ ಮೇಲೆ ಜಂತೆ, ಅದರ ಮೇಲೆ ಬಂದರೆ ಗಿಡದ ಸೊಪ್ಪು, ಮಣ್ಣು, ಎಲ್ಲಕ್ಕಿಂತ ಮೇಲೆ ಕರ್ಲು ಮಣ್ಣು. ಕರ್ಲು ಅಂದರೆ ಉಪ್ಪಿನಂಶದ ಚೌಳು ಮಣ್ಣು. ನೀರು ಬಿದ್ದರೆ ಬಿಗಿಯಾಗಿ ಕೂತು ಸೋರದಂತೆ ತಡೆಯುತ್ತೆ. ಆದರೆ ಮುಂಗಾರಿಗೆ ಮೊದಲು ವರ್ಷವೂ ಹೊಸದಾಗಿ ಹಾಕಬೇಕು. ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಮನೆಯಲ್ಲಿರುವುದು ಅಜ್ಜ ಅಜ್ಜಿ ಇಬ್ಬರೇ. ಮಾಳಿಗೆ ಹತ್ತಿ ಮಣ್ಣು ಹಾಕುವವರು ಯಾರು? ಹಾಗಾಗಿ ಮಣ್ಣಿನ ಸೂರು ಬೇಡ ಅಂತ ನಾನೇ ಹೇಳಿದೆ. ಆ ತೀರ್ಮಾನದ ಬಗ್ಗೆ ಇವತ್ತಿಗೂ ಬೇಸರವಿಲ್ಲ.

ಬದಲಿಗೆ ಹಾಕಿದ್ದು ಫಿಲ್ಲರ್ ಸ್ಲ್ಯಾಬ್, ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಬಳಕೆಗೆ ತಂದು ಹೆಸರು ಮಾಡಿದ್ದು. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ. ಅಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸ ಇಲ್ಲ. ಕಂಬಿಗಳ ನಡುವೆ ಹಳೇ ಮಂಗಳೂರು ಹಂಚು ಕೂರಿಸಿದರೆ ಅಷ್ಟು ಕಾಂಕ್ರೀಟು ಉಳಿಯುತ್ತೆ, ಸೂರಿನ ತೂಕವೂ ಇಳಿಯುತ್ತೆ.

ಗೋಡೆಗೆ ಮಣ್ಣಿನ ಇಟ್ಟಿಗೆ. ಸುಡುವುದಿಲ್ಲ, ಕೈಯಲ್ಲಿ ಒತ್ತುವ ಮೆಷಿನ್ನಿನಲ್ಲಿ ಮಾಡುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ಅಸ್ತ್ರ (ASTRA) ವಿಭಾಗದವರು ಇದರ ಮೇಲೆ ತುಂಬ ಕೆಲಸ ಮಾಡಿದ್ದಾರೆ. ಇಲ್ಲೂ ಒಂದು ಎಡವಟ್ಟು ಮಾಡಿಕೊಳ್ಳುವುದರಲ್ಲಿದ್ದೆ. ಸ್ಥಳೀಯ ಅಂದಮೇಲೆ ಸೈಟಿನದೇ ಮಣ್ಣು ಬಳಸಬೇಕು ಅನ್ನೋ ಹಟ ನನ್ನದು. ಹಿತ್ತಲಲ್ಲಿ ಅಗೆದರೆ ಬಂದಿದ್ದು ಎರೆಮಣ್ಣು. ಮೇಸ್ತ್ರಿ ಒಂದು ಮುಷ್ಟಿ ಒದ್ದೆ ಮಣ್ಣನ್ನು ಉಂಡೆ ಕಟ್ಟಿ ಬಿಸಿಲಿಗಿಟ್ಟರು, ಸಂಜೆಗೆ ತೋರಿಸಿದರು. ಬಿರುಕೋ ಬಿರುಕು. "ಮೇಡಂ, ಇದು ಜೋಳ ಬೆಳಿಯೋ ಮಣ್ಣು. ಮನೆಗಲ್ಲ." ಎರೆಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ! ಆಮೇಲೆ ಊರಾಚೆ ಗುಡ್ಡದ ಕೆಮ್ಮಣ್ಣು ತಂದು ಬಾಟಲಿಗೆ ಹಾಕಿ ನೀರಿನಲ್ಲಿ ಅಲುಗಾಡಿಸಿ ನೋಡಿದೆವು. ಮರಳು ನಿಮಿಷದಲ್ಲಿ ತಳಕ್ಕೆ ಕೂತಿತು, ಜೇಡಿ ಮಾತ್ರ ಮರುದಿನದವರೆಗೂ ನೀರನ್ನು ಕಲಕಿಯೇ ಇಟ್ಟಿತ್ತು. ಮರಳು ಸಾಲದು ಅನ್ನಿಸಿ ಕ್ರಷರಿನ ಕಲ್ಲುಪುಡಿ ಬೆರೆಸಿದೆವು. ನೂರಕ್ಕೆ ಏಳು ಪಾಲು ಸಿಮೆಂಟು, ಮೂರ್ನಾಲ್ಕು ವಾರ ಗೋಣಿಚೀಲ ಹೊದಿಸಿ ನೀರುಣಿಸಿದ್ದು. ಇಟ್ಟಿಗೆ ಚೆನ್ನಾಗೇ ಬಂತು.

ಮೇಸ್ತ್ರಿ ಪಕ್ಕದಲ್ಲಿದ್ದರು, ಹಾಗಾಗಿ ಮಣ್ಣಿನ ವಿಷಯದಲ್ಲಿ ಬಚಾವಾದೆ. ಬೆಳಕಿಂಡಿಯನ್ನು ಯಾರನ್ನೂ ಕೇಳದೆ ದಾವಣಗೆರೆಯ ಆಫೀಸಿನಲ್ಲಿ ಕೂತು ಬರೆದಿದ್ದೆ.

ಹಳೇ ಮನೆಯ ಫೋಟೋ ತೆಗೆದಾಗ ಕಣ್ಣಿಗೆ ಬಿದ್ದಿದ್ದು ಅಲ್ಲಿನ ಸೂರಿನ ಕಿಂಡಿಯಿಂದ ಇಳಿಯುವ ಬೆಳಕಿನ ಕೋಲು. ಎಷ್ಟು ಚಂದ ಅಂದರೆ ಅದನ್ನೇ ಮೂರು ಪಟ್ಟು ದೊಡ್ಡದು ಮಾಡಿದೆ. ಮಳೆ, ಹಲ್ಲಿ, ದೂಳು ಬರಬಾರದು ಅಂತ ಗಾಜು ಮುಚ್ಚಿದೆ. ಹಳೇ ಕಿಂಡಿ ಒಂದಡಿಯೂ ಇರಲಿಲ್ಲ. ತಳ ಒಡೆದ ಮಡಕೆಯನ್ನು ಸೂರಿನಲ್ಲಿ ಕೂರಿಸಿದ್ದರು, ಅಷ್ಟೇ. ಒಲೆಯ ಹೊಗೆ ಹೋಗುತ್ತಿದ್ದುದು ಅದರಲ್ಲಿ, ಮೇಲೇರಿದ ಬಿಸಿಗಾಳಿ ಹೋಗುತ್ತಿದ್ದುದೂ ಅದರಲ್ಲೇ. ಮಳೆ ಬಂದರೆ ಅಜ್ಜಿ ಮಾಳಿಗೆ ಹತ್ತಿ ಒಂದು ಚಪ್ಪಡಿ ಮುಚ್ಚುತ್ತಿದ್ದರಂತೆ. ಬೆಳಕು ಬರುತ್ತಿದ್ದುದು ಸುಮ್ನೆ ಜೊತೆಗೆ ಸಿಕ್ಕ ಲಾಭ. ನಾನು ಆ ಲಾಭವನ್ನು ಉಳಿಸಿಕೊಂಡು ಕೆಲಸವನ್ನೇ ಮುಚ್ಚಿಬಿಟ್ಟಿದ್ದೆ.

ಅದರ ಮೇಲೆ ನಮ್ಮ ಬಿಸಿಲು. ಚಿತ್ರದುರ್ಗ ಇರುವುದು ಸುಮಾರು 14 ಡಿಗ್ರಿ ಉತ್ತರಕ್ಕೆ. ಏಪ್ರಿಲ್ ಕೊನೆಗೆ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ನಿಲ್ಲುತ್ತಾನೆ. ಮಲಗಿಸಿಟ್ಟ ಗಾಜಿನಿಂದ ಬಿಸಿಲು ಸಲೀಸಾಗಿ ಒಳಗೆ ಬರುತ್ತೆ, ಒಳಗಿನ ಕಾವು ಹೊರಗೆ ಹೋಗುವುದಿಲ್ಲ. ಒಳ್ಳೇ ಇಟ್ಟಿಗೆ ಗೋಡೆ, ಹಂಚಿನ ಸೂರು, ನಡುವೆ ಅಡುಗೆಮನೆಯೇ ಒಂದು ಒಲೆ.

ಸರಿಪಡಿಸಿದ್ದು ನನ್ನ ಖರ್ಚಿನಲ್ಲಿ. ಗಾಜು ತೆಗೆಸಿ, ಕಿಂಡಿಯ ಸುತ್ತ ಒಂದೂವರೆ ಅಡಿ ಗೋಡೆ ಎಬ್ಬಿಸಿ, ನಾಲ್ಕೂ ಕಡೆ ಗಾಳಿ ಹೋಗಲು ಜಾಗ ಬಿಟ್ಟು, ಸೊಳ್ಳೆ ಜಾಲರಿ ಬಡಿಸಿದೆವು. ಮೇಲೆ ಹಂಚಿನ ಪುಟ್ಟ ಮಾಡು. ಬೆಳಕು ಕಡಿಮೆಯಾಯಿತು, ಆದರೆ ಅಡುಗೆಗೆ ಸಾಕು. ಮೇ ತಿಂಗಳಲ್ಲಿ ಹೋದಾಗ ಅಜ್ಜಿ ಊದಿನಕಡ್ಡಿ ಹಚ್ಚಿ ಒಲೆ ಹತ್ತಿರ ಹಿಡಿದು ತೋರಿಸಿದರು. ಹೊಗೆ ದಾರದ ಹಾಗೆ ನೆಟ್ಟಗೆ ಮೇಲೇರಿ ಜಾಲರಿ ದಾಟಿ ಹೋಯಿತು.

ಆ ಮನೆಯ ಫೋಟೋಗಳಲ್ಲಿ ಎಲ್ಲರೂ ಮೆಚ್ಚುವುದು ಆ ಗಾಜಿನ ಕಿಂಡಿಯ ಚಿತ್ರವನ್ನೇ. ಅದನ್ನು ಈಗ ಯಾರಿಗೂ ಕಳಿಸುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಗಾಳಿ ಮಳೆ ಬಂದಾಗ ಮತ್ತೆ ಫೋನು. ಇರಚಲು ಹೊಡೆದು ಒಲೆಕಟ್ಟೆ ಮೇಲೆ ನಾಲ್ಕು ಹನಿ ಬಿದ್ದಿದೆಯಂತೆ. ಮೇಸ್ತ್ರಿಗೆ ಹೇಳಿದ್ದೇನೆ, ಪಡುವಣ ಕಡೆಯ ಹಂಚನ್ನು ಇನ್ನೊಂದು ಗೇಣು ಮುಂದಕ್ಕೆ ಚಾಚಬೇಕು. ಈ ಸಲ ಎಷ್ಟು ಚಾಚಬೇಕು ಅಂತ ಮೊದಲು ಅಜ್ಜಿಯನ್ನೇ ಕೇಳಿದೆ.