ಬೀಪ್ ಅಂದಿದ್ದ ಫ್ಯೂಸ್

16 ನವೆಂಬರ್ 2025, ಭಾನುವಾರ

ಮೂರು ವಾರದಿಂದ ತಲೆ ತಿನ್ನುತ್ತಿದ್ದ ತೊಂದರೆ ಇವತ್ತು ಮಧ್ಯಾಹ್ನ ಕೈಗೆ ಸಿಕ್ಕಿತು. ಮರೆಯುವ ಮೊದಲು ಬರೆದಿಡುತ್ತೇನೆ.

ದೋಣಿಯ ಹಿಂಬದಿಗೆ ಸಿಕ್ಕಿಸಿರುವ ಔಟ್‌ಬೋರ್ಡ್ ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಬ್ಯಾಟರಿ ಚಾರ್ಜ್ ಆಗುತ್ತಿರಲಿಲ್ಲ. ಮನೆಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ ತಂದರೆ ಎರಡು ದಿನ ಸೆಲ್ಫ್ ತೆಗೆದುಕೊಳ್ಳುತ್ತಿತ್ತು. ಮೂರನೇ ದಿನ ಬರೀ ಟಿಕ್ ಟಿಕ್. ಆಮೇಲೆ ಹಗ್ಗ ಎಳೆದೇ ಸ್ಟಾರ್ಟ್ ಮಾಡಬೇಕು. ಹಗ್ಗಕ್ಕೆ ಸ್ಟಾರ್ಟ್ ಆಗುತ್ತೆ ಅಂದಮೇಲೆ ಒಳಗೆಲ್ಲಾ ಸರಿ ಇದೆ ಅನ್ನಿಸುತ್ತದೆ, ಅಲ್ವಾ? ಆದರೆ ಇಂಥ ಎಂಜಿನ್‌ನಲ್ಲಿ ಸ್ಪಾರ್ಕ್‌ಗೆ ಬೇಕಾದ ಕರೆಂಟು ಬೇರೆ ಕಾಯಿಲ್‌ನಿಂದ ಬರುತ್ತದೆ. ಬ್ಯಾಟರಿ ಸತ್ತರೂ ಅದಕ್ಕೆ ಗೊತ್ತಾಗುವುದಿಲ್ಲ.

ಮೊದಲು ಬ್ಯಾಟರಿಯನ್ನೇ ಅನುಮಾನಿಸಿ ಹೊಸದು ಹಾಕಿದ್ದೆ. ಅದೂ ಹಾಗೇ ಇಳಿಯಿತು. ನೋಡಲು ಬಂದ ಒಬ್ಬ ಮೆಕ್ಯಾನಿಕ್ ಮೀಟರ್ ಕೂಡ ಇಡದೆ, "ಸ್ಟೇಟರ್ ಹೋಗಿದೆ, ಬದಲಾಯಿಸಿ" ಅಂದುಬಿಟ್ಟರು. ಸ್ಟೇಟರ್ ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಕರೆಂಟು ಹುಟ್ಟಿಸುವ ಕಾಯಿಲ್. ಅದು ಇರುವುದು ಫ್ಲೈವೀಲ್, ಅಂದರೆ ಎಂಜಿನ್ ಮೇಲೆ ತಿರುಗುವ ಭಾರದ ಚಕ್ರದ ಕೆಳಗೆ. ಆ ಚಕ್ರ ಬಿಚ್ಚಲು ಪುಲ್ಲರ್ ಅನ್ನುವ ಎಳೆಯುವ ಸಾಧನ ಬೇಕು, ಅರ್ಧ ದಿನ ಬೇಕು. ಅಳೆದು ನೋಡದೆ ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕಲು ನನಗೆ ಮನಸ್ಸು ಬರಲಿಲ್ಲ.

ಇವತ್ತು ತಮ್ಮನನ್ನು ಜೊತೆಗೆ ಕರೆದುಕೊಂಡು ಹೋದೆ. ದೋಣಿಯನ್ನು ಎರಡೂ ಕಡೆ ಬಿಗಿಯಾಗಿ ಕಟ್ಟಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್‌ನ ಕೆಳಭಾಗ ನೀರಿನಲ್ಲೇ ಇರುವ ಹಾಗೆ ನೋಡಿಕೊಂಡೆವು. ನೀರಿಲ್ಲದೆ ಓಡಿಸಿದರೆ ಎಂಜಿನ್ ತಂಪಾಗಿಸುವ ಪಂಪಿನ ರಬ್ಬರ್ ಚಕ್ರ (ಇಂಪೆಲ್ಲರ್) ಸುಟ್ಟುಹೋಗುತ್ತದೆ. ಮೇಲಿನ ಮುಚ್ಚಳ ತೆಗೆದಾಗ ಫ್ಲೈವೀಲ್ ತೆರೆದಂತೆಯೇ ತಿರುಗುತ್ತಿರುತ್ತದೆ. ಸಡಿಲ ಅಂಗಿ, ಕೈಗೆ ದಾರ, ಯಾವುದೂ ಹತ್ತಿರ ಸುಳಿಯಬಾರದು.

ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್. ತುಂಬಿದ ಬ್ಯಾಟರಿ ಅಂದರೆ ಹೆಚ್ಚುಕಡಿಮೆ ಅಷ್ಟೇ. ಸ್ಟಾರ್ಟ್ ಮಾಡಿ, ಲೈಟ್ ಮತ್ತು ಫಿಶ್ ಫೈಂಡರ್ ಎರಡೂ ಹಾಕಿ, ತಮ್ಮನಿಗೆ 1500 ಆರ್‌ಪಿಎಂ ಹಿಡಿ ಅಂದೆ. ಮೀಟರ್ 12.4ಕ್ಕೆ ಇಳಿದು ಅಲ್ಲೇ ಕೂತಿತು. ಚಾರ್ಜ್ ಆಗುವ ಎಂಜಿನ್ ಆಗಿದ್ದರೆ ನಿಧಾನಕ್ಕೆ 14ರ ಹತ್ತಿರ ಹತ್ತಬೇಕಿತ್ತು.

ಎಂಜಿನ್ ನಿಲ್ಲಿಸಿದೆವು. ನನ್ನ ಎಂಜಿನ್‌ನಲ್ಲಿ ಸ್ಟೇಟರ್‌ನಿಂದ ಎರಡು ಹಳದಿ ವೈರ್, ಆ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಮಾಡಿಕೊಡುವ ರೆಕ್ಟಿಫೈಯರ್‌ಗೆ ಹೋಗುತ್ತವೆ. ಅವನ್ನು ಬಿಚ್ಚಿ ಒಂದಕ್ಕೊಂದು ಅಳೆದರೆ 0.6 ಓಮ್. ಪ್ರತಿಯೊಂದಕ್ಕೂ ಎಂಜಿನ್‌ನ ಲೋಹದ ಮೈಗೂ ನಡುವೆ ಅಳೆದರೆ ಸಂಪರ್ಕವೇ ಇಲ್ಲ. ಹಾಗೇ ಇರಬೇಕು. ಮತ್ತೆ ಸ್ಟಾರ್ಟ್ ಮಾಡಿ ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಅಳೆದೆ. ವೇಗ ಹೆಚ್ಚಿದಂತೆ ವೋಲ್ಟೇಜೂ ಹೆಚ್ಚುತ್ತಾ ಹೋಯಿತು. ಸ್ಟೇಟರ್ ಗಟ್ಟಿಮುಟ್ಟಾಗಿದೆ! ನಿಜ ಹೇಳಬೇಕೆಂದರೆ ಎಂಜಿನ್ ವೇಗ ತೋರಿಸುವ ಟ್ಯಾಕೋಮೀಟರ್ ಮೊದಲೇ ಸುಳಿವು ಕೊಟ್ಟಿತ್ತು. ಅದಕ್ಕೂ ಸಿಗ್ನಲ್ ಆ ಹಳದಿ ವೈರ್ ಕಡೆಯಿಂದಲೇ ಬರುತ್ತದೆ. ಅದರ ಮುಳ್ಳು ಒಂದು ದಿನವೂ ತಪ್ಪಿರಲಿಲ್ಲ.

ಹಾಗಾದರೆ ರೆಕ್ಟಿಫೈಯರ್ ಇರಬೇಕು ಅಂದುಕೊಂಡೆ. ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳು ಅದರೊಳಗೇ ಇವೆ. ಎಂಜಿನ್ ಓಡುವಾಗ ಬ್ಯಾಟರಿ ವೈರ್ ಬಿಚ್ಚಿದರೆ, ಇಲ್ಲವೇ ಮೈನ್ ಸ್ವಿಚ್ ಆಫ್ ಮಾಡಿದರೆ ಅವು ಸಾಯಬಹುದು. ಪ್ಲಸ್ ಮೈನಸ್ ಅದಲುಬದಲಾದರೂ ಅಷ್ಟೇ. ಹಳದಿ ವೈರ್‌ಗಳನ್ನು ವಾಪಸ್ ಸಿಕ್ಕಿಸಿ, ಎಂಜಿನ್ ಓಡಿಸಿ, ರೆಕ್ಟಿಫೈಯರ್‌ನಿಂದ ಹೊರಬರುವ ಕೆಂಪು ವೈರ್ ಅಳೆದೆ. 14.7!

"ಅಣ್ಣಾ, ಇಲ್ಲಿ ಬರ್ತಾ ಇದೆಯಲ್ಲ, ಅಲ್ಲಿಗೆ ಹೋಗ್ತಾ ಇಲ್ಲ," ಅಂದ ತಮ್ಮ. ಅಷ್ಟೇ ವಿಷಯ. ಇಲ್ಲಿ 14.7, ಬ್ಯಾಟರಿಯಲ್ಲಿ 12.4. ನಡುವೆ 2.3 ವೋಲ್ಟ್ ಎಲ್ಲೋ ಸೋರುತ್ತಿದೆ.

ಮೀಟರ್‌ನ ಒಂದು ತುದಿಯನ್ನು ಆ ಕೆಂಪು ವೈರ್ ಮೇಲೇ ಇಟ್ಟು, ಇನ್ನೊಂದನ್ನು ಬ್ಯಾಟರಿ ಕಡೆಗೆ ಒಂದೊಂದೇ ಜಾಯಿಂಟ್ ಮುಂದಕ್ಕೆ ಸರಿಸುತ್ತಾ ಹೋದೆ. ಎಂಜಿನ್ ಓಡುತ್ತಲೇ ಇತ್ತು. ಮೊದಲ ಕನೆಕ್ಟರ್ ದಾಟಿದರೂ ಏನೂ ಇಲ್ಲ. ಫ್ಯೂಸ್ ಹೋಲ್ಡರ್‌ನ ಈಚೆ ಬದಿಯಲ್ಲೂ ಏನೂ ಇಲ್ಲ. ಆಚೆ ಬದಿಗೆ ಇಟ್ಟ ತಕ್ಷಣ 2.2.

ಈ ಫ್ಯೂಸನ್ನು ನಾನು ಎರಡು ವಾರದ ಹಿಂದೆಯೇ ನೋಡಿದ್ದೆ. ಹೋಲ್ಡರ್‌ನ ಎರಡೂ ಬದಿಯ ವೈರ್‌ಗೆ ಮೀಟರ್ ಇಟ್ಟಾಗ ಬೀಪ್ ಅಂದಿತ್ತು, ಅಂದರೆ ಸಂಪರ್ಕ ಇದೆ ಅಂತ. ಕೀ ತಿರುಗಿಸಿದರೆ ಎಲ್ಲಾ ಕೆಲಸ ಮಾಡುತ್ತಿತ್ತು, ಅದಕ್ಕೂ ಕರೆಂಟು ಹೋಗುವುದು ಇದೇ ಫ್ಯೂಸ್ ಮೂಲಕ. ಹಾಗಾಗಿ ಇದನ್ನು ಪಟ್ಟಿಯಿಂದಲೇ ತೆಗೆದುಹಾಕಿದ್ದೆ. ಈಗ ಅರ್ಥವಾಯಿತು. ಸಾಮಾನ್ಯ ಮೀಟರ್ ಕೆಲವು ಹತ್ತು ಓಮ್ ಇದ್ದರೂ ಬೀಪ್ ಅನ್ನುತ್ತದೆ. ಇಲ್ಲಿ ಇದ್ದದ್ದು ಅರ್ಧ ಓಮ್‌ಗಿಂತ ಕಡಿಮೆ ಇರಬೇಕು. ಮೀಟರ್ ಹರಿಸುವ ಚೂರು ಕರೆಂಟಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ 5 ಆಂಪ್ಸ್ ಹರಿಯಲು ಹೊರಟರೆ ಅಲ್ಲೇ 2 ವೋಲ್ಟ್ ಹೋಗುತ್ತದೆ, ಸುಮಾರು 10 ವಾಟ್ ಶಾಖ ಆಗುತ್ತದೆ. ಆ ಪುಟ್ಟ ಜಾಗಕ್ಕೆ ಅದು ಜಾಸ್ತಿಯೇ.

ಎಂಜಿನ್ ನಿಲ್ಲಿಸಿ, ಬ್ಯಾಟರಿ ವೈರ್ ಬಿಚ್ಚಿ, ಹೋಲ್ಡರ್‌ನ ರಬ್ಬರ್ ಟೋಪಿ ಹಿಂದಕ್ಕೆ ಎಳೆದೆ. ಇನ್ನೂ ಬಿಸಿಯಿತ್ತು. 20 ಆಂಪ್ಸ್ ಫ್ಯೂಸ್‌ನ ತಂತಿಗೆ ಏನೂ ಆಗಿರಲಿಲ್ಲ. ಆದರೆ ಅದರ ಒಂದು ಕಾಲು ಕಪ್ಪಾಗಿತ್ತು. ಆ ಬದಿಯ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಕರಗಿ ಬಾಗಿತ್ತು. ಒಳಗಿನ ಹಿತ್ತಾಳೆ ಪಟ್ಟಿಯ ಮೇಲೆ ಹಸಿರು ಕಿಲುಬು, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು. ಹಿಡಿತ ಸಡಿಲವಾಗಿ ಫ್ಯೂಸ್ ಸುಮ್ನೆ ಅಲ್ಲಾಡುತ್ತಿತ್ತು. ವೈರ್‌ನ ತುದಿ ಸುಲಿದು ನೋಡಿದೆ. ತಾಮ್ರದ ಎಳೆಗಳು ಒಂದು ಇಂಚಿನಷ್ಟು ಕಪ್ಪು. ನೀರು ವೈರ್‌ನ ಒಳಗಿನಿಂದಲೇ ಹತ್ತಿಕೊಂಡು ಹೋಗಿದೆ.

ಕೆರೆದು ಮತ್ತೆ ಹಾಕುವ ಆಸೆ ಬಂತು. ಮಾಡಲಿಲ್ಲ. ಒಮ್ಮೆ ಸುಟ್ಟ ಪಟ್ಟಿಗೆ ಸ್ಪ್ರಿಂಗ್ ಉಳಿದಿರುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ವೈರ್ ಕತ್ತರಿಸಿ, ನೀರು ಹೋಗದ ಹೊಸ ಹೋಲ್ಡರ್ ಕ್ರಿಂಪ್ ಮಾಡಿ (ಒತ್ತಿ ಬಿಗಿದು), ಒಳಗೆ ಅಂಟಿನ ಪದರ ಇರುವ, ಬಿಸಿ ಮಾಡಿದರೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹಾಕಿದೆ. ತವರ ಲೇಪಿಸಿದ ತಾಮ್ರದ ವೈರ್ ಬಳಸಿದೆ, ಉಪ್ಪು ನೀರಿಗೆ ಅದು ಜಾಸ್ತಿ ದಿನ ತಾಳುತ್ತದೆ. ಫ್ಯೂಸ್ ಕೂಡ ಹೊಸದೇ, ಅದೇ 20 ಆಂಪ್ಸ್. ಬ್ಯಾಟರಿಯ ಮೇಲಿದ್ದ ಚಿಟ್ಟೆ ನಟ್‌ಗಳನ್ನೂ ತೆಗೆದು ಸ್ಪ್ಯಾನರ್‌ನಿಂದ ಬಿಗಿಯುವ ಮಾಮೂಲಿ ನಟ್ ಹಾಕಿದೆ. ದೋಣಿಯ ಕುಲುಕಾಟಕ್ಕೆ ಚಿಟ್ಟೆ ನಟ್ ನಿಲ್ಲುವುದಿಲ್ಲ.

ಮತ್ತೆ ಸ್ಟಾರ್ಟ್. 1500 ಆರ್‌ಪಿಎಂನಲ್ಲಿ ಬ್ಯಾಟರಿ 13.5. ನಾವಿಬ್ಬರೂ ಮಾತಾಡದೆ ಮೀಟರ್ ನೋಡುತ್ತಾ ನಿಂತೆವು. 13.6. 13.7. ಹತ್ತು ನಿಮಿಷದಲ್ಲಿ 13.9. ಹೊಸ ಹೋಲ್ಡರ್‌ನ ಎರಡು ಬದಿಗೆ ಇಟ್ಟರೆ 0.05. ಮುಟ್ಟಿ ನೋಡಿದೆ, ತಣ್ಣಗಿತ್ತು.

ರಾತ್ರಿಗೆ ಎಲ್ಲಾ ಆಫ್ ಮಾಡಿ ಬಿಟ್ಟು ಬಂದಿದ್ದೇನೆ. ಬೆಳಿಗ್ಗೆ ಚಾರ್ಜ್ ಮಾಡಿದ ಬ್ಯಾಟರಿ ಹೊತ್ತುಕೊಂಡು ಹೋಗುವುದಿಲ್ಲ, ಮೀಟರ್ ಮಾತ್ರ.