ಚಿಯಾ, ಕಿನೋವಾ ಮತ್ತ ಅವ್ವನ ಅಗಸಿ ಹಿಂಡಿ

ಶುಗರ್ ಬಾರ್ಡರ್‌ದಾಗ ಐತಿ, ಊಟದ ಕಡೆ ಲಕ್ಷ್ಯ ಕೊಡ್ರಿ ಅಂತ ಡಾಕ್ಟರ್ ಅಂದದ್ದ ತಡ, ಮಾಲ್‌ಗೆ ಹೋಗಿ ಓಟ್ಸು, ಚಿಯಾ ಬೀಜ, ಕಿನೋವಾ ಕಾಳು ಅಂತ ಬುಟ್ಟಿ ತುಂಬ್ಕೊಂಡ್ ಬಂದೆ, ಬಿಲ್ 1,640 ರೂಪಾಯಿ, ಅದನ್ನ ನೋಡೇ ಬಿಪಿ ಏರ್ತು. ಅವ್ವ ಚಿಯಾ ಪಾಕೀಟ್ ಹೊಳ್ಳಿಸಿ ಹೊಳ್ಳಿಸಿ ನೋಡಿ "ಕಾಮಕಸ್ತೂರಿ ಬೀಜ ಇದ್ದಂಗ ಅದಾವಲ್ಲೋ ತಮ್ಮಾ, ಇಷ್ಟಕ್ಕ ಅಷ್ಟ್ ರೊಕ್ಕಾ?" ಅಂದ್ಲು.

ಈ ವಾರ ಹುಬ್ಬಳ್ಳಿ ಜನತಾ ಬಜಾರಕ್ಕ ರಾತ್ರಿ ಎಂಟರ ಮ್ಯಾಲ ಹೋದೆ, ಆ ಹೊತ್ತಿಗೆ ಕಾಯಿಪಲ್ಲೆ ಮಾರವ್ರಿಗೂ ಮನಿಗೆ ಹೋಗೋ ಗಡಿಬಿಡಿ ಇರ್ತೈತಲ್ಲ, ಎರಡ್ ಸೂಡು ಮೆಂತೇಪಲ್ಲೆ ರೇಟಿಗೆ ಮೂರು ಕೊಟ್ಲು ಪಲ್ಲೆ ಮಾರೋ ಅಕ್ಕ. ಮಡಿಕಿಕಾಳು, ಹೆಸರುಕಾಳು ನೆನಸಿ ಅರಿವ್ಯಾಗ ಕಟ್ಟಿಟ್ರ ಮರುದಿನ ಮೊಳಕಿ ತಯಾರು. ಅಗಸಿ ಹುರಿದು, ಒಣಮೆಣಸಿನಕಾಯಿ, ಬಳ್ಳೊಳ್ಳಿ ಹಾಕಿ ಅವ್ವ ಕುಟ್ಟಿದ ಹಿಂಡಿ, ಅದ್ರಾಗೂ ಚಿಯಾದಾಗಿನ ಒಮೇಗಾ-3 ಅನ್ನೋ ಒಳ್ಳೆ ಕೊಬ್ಬು ಐತಂತ, ಬಿಸಿ ರೊಟ್ಟಿಗೆ ಹಚ್ಕೊಂಡು ಸ್ವಲ್ಪ ಮಸರು ಬಿದ್ರ ಮುಗೀತು. (ಮೂರನೇ ರೊಟ್ಟಿ ಮುರಿಯೂದು ತಪ್ಪಿಲ್ಲ, ಅದು ಬ್ಯಾರೆ ಮಾತು.)

ಆದ್ರ ನವಣಿ ಅಕ್ಕಿ ರೇಟ್ ಮಾತ್ರ ಕೇಳಬ್ಯಾಡ್ರಿ, 2023ರಾಗ ಸಿರಿಧಾನ್ಯ ವರ್ಷ ಅಂತ ಜಗತ್ತೆಲ್ಲ ಮಾಡಿದ್ರು, ಮೊದ್ಲು ಬಡವರ ತಾಟಿನಾಗ ಇದ್ದದ್ದು ಈಗ ಚಂದದ ಪಾಕೀಟ್‌ನ್ಯಾಗ ಕುಂತೈತಿ.

ಕಿನೋವಾ ಪಾಕೀಟ್ ಇನ್ನೂ ಒಡದಿಲ್ಲ. ಯಾರಿಗರ ಬೇಕೇನ್ರಿ?