ಕೊಡಗಿನಲ್ಲಿ ಸುಣ್ಣದ ಜಾಡು ಹಿಡಿದು

ಕೊಡಗಿನಲ್ಲಿ ಕಲ್ಲಿಗೆ ಬರವಿಲ್ಲ, ಆದರೆ ಸುಣ್ಣದಕಲ್ಲಿನ ನಾಡು ಇದಲ್ಲ. ಇಲ್ಲಿನ ಬೆಟ್ಟಗಳ ಒಡಲಲ್ಲಿರುವುದು ನೈಸ್, ಚಾರ್ನೊಕೈಟ್‌ನಂಥ ಗಟ್ಟಿ ಶಿಲೆ. ಸುಣ್ಣದಕಲ್ಲಿನ ದಪ್ಪ ಪದರಗಳನ್ನು ಕಾಣಬೇಕಾದರೆ ಕಲಬುರಗಿ, ಬಾಗಲಕೋಟೆಯ ಕಡೆ ಹೋಗಬೇಕು. ಹಾಗಿದ್ದೂ ಕೊಡಗನ್ನು ಆಳಿದ ಹಾಲೇರಿ ಅರಸರ ಕಟ್ಟಡಗಳಲ್ಲಿ ಸುಣ್ಣದ ಗಾರೆಯ ಕೆಲಸ ಎದ್ದು ಕಾಣುತ್ತದೆ. ಅದನ್ನೇ ನೋಡಬೇಕೆಂದು, ಮಳೆ ಹಿಂದೆ ಸರಿದ ನವೆಂಬರಿನಲ್ಲಿ, ಭಾವನನ್ನು ಜೊತೆ ಮಾಡಿಕೊಂಡು ಮಡಿಕೇರಿಯಿಂದ ಕಕ್ಕಬ್ಬೆಯವರೆಗೆ ಸುತ್ತಿದೆ.

ಮೊದಲು ಮಡಿಕೇರಿ ಕೋಟೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಒಳಗಿನ ಅರಮನೆಯನ್ನು 1812ರಿಂದ 1814ರ ನಡುವೆ ಲಿಂಗರಾಜೇಂದ್ರ ನವೀಕರಿಸಿದ. ಬರುವವರೆಲ್ಲ ಫೋಟೊ ತೆಗೆಸಿಕೊಳ್ಳುವುದು ಅಂಗಳದಲ್ಲಿರುವ ಎರಡು ಗಾರೆ ಆನೆಗಳ ಮುಂದೆ. ಜೀವದಳತೆಯ ಆನೆಗಳವು. ನಾನು ಬಹಳ ಹೊತ್ತು ನಿಂತದ್ದೂ ಅಲ್ಲಿಯೇ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಸಿಮೆಂಟು ಕಂಡಿರದ ಕಾಲದ ಕುಶಲಕರ್ಮಿ ಇಂಥ ಊರಿನ ಬಯಲಿನಲ್ಲಿ ಗಾರೆಯನ್ನು ನಂಬಿ ಆನೆ ನಿಲ್ಲಿಸಿದನಲ್ಲ, ಅವನ ಹೆಸರು ಯಾವ ಫಲಕದಲ್ಲಾದರೂ ಇರಬೇಕಿತ್ತು.

ಆ ಸುಣ್ಣ ಹೇಗೆ ಬಂದೀತು ಎಂದು ದಾರಿಯುದ್ದಕ್ಕೂ ನಾವಿಬ್ಬರೂ ಮಾತನಾಡಿದೆವು. ಘಟ್ಟದ ಕೆಳಗಿನಿಂದಲೋ ಮೈಸೂರು ಸೀಮೆಯಿಂದಲೋ ಎತ್ತಿನ ಹೇರಿನಲ್ಲಿ ಬಂದಿರಬೇಕು ಎಂಬುದು ನನ್ನ ಎಣಿಕೆ. ಕರಾವಳಿಯಲ್ಲಿ ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುವ ಕಸುಬು ಹಳೆಯದು; ಅಮರ ಸುಳ್ಯ, ಪುತ್ತೂರು ಸೀಮೆಗಳು 1834ರವರೆಗೆ ಕೊಡಗಿನ ಅರಸರ ಕೈಯಲ್ಲೇ ಇದ್ದವು. ಸುಣ್ಣದಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ; ಶುದ್ಧವಾದ 100 ಕಿಲೊ ಕಲ್ಲಿನಿಂದ ಉಳಿಯುವುದು 56 ಕಿಲೊ ಸುಣ್ಣ. ಆದ್ದರಿಂದ ಕಲ್ಲು ಸಿಗುವಲ್ಲಿಯೇ ಸುಟ್ಟು ಸಾಗಿಸಿದರೆ ಹೊರೆ ಅರ್ಧದಷ್ಟು ಇಳಿಯುತ್ತದೆ. ಅಪಾಯವಿರುವುದೂ ಅಲ್ಲಿಯೇ. ಸುಟ್ಟ ಸುಣ್ಣಕ್ಕೆ ನೀರು ತಗಲಿದರೆ ಅದು ಕುದಿಯುತ್ತದೆ. ಮಳೆಗಾಲದಲ್ಲಿ ಅಂಥ ಹೇರು ಹೊತ್ತ ಎತ್ತನ್ನು ಘಟ್ಟ ಹತ್ತಿಸುವುದು ಯೋಚಿಸಲೂ ಆಗದ ಮಾತು.

ಮಡಿಕೇರಿಯಲ್ಲಿಯೇ 1820ರ ಓಂಕಾರೇಶ್ವರ ದೇವಾಲಯವನ್ನೂ ಗದ್ದುಗೆಯನ್ನೂ ನೋಡಿದೆವು. ಶಿವನ ಗುಡಿಗೆ ಗುಮ್ಮಟ, ಮೂಲೆಗಳಲ್ಲಿ ಮಿನಾರುಗಳಂಥ ಗೋಪುರ; ಅರಸರ ಸಮಾಧಿಗೂ ಅದೇ ಬಗೆ. ಮೆದುವಾಗಿದ್ದಾಗ ಕೈ ಹೇಳಿದಂತೆ ಬಾಗುವ ಗಾರೆಗೆ ಇಂಥ ದುಂಡು ಕೆಲಸ ಚೆನ್ನಾಗಿ ಒಗ್ಗುತ್ತದೆ. ಗದ್ದುಗೆಯ ಆವರಣದಲ್ಲಿ ಸೇನಾನಿ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ, ತಪ್ಪದೆ ನೋಡಿ.

ನಾಪೋಕ್ಲು ದಾಟಿ ಕಕ್ಕಬ್ಬೆ ಸೇರಿದಾಗ ಮಧ್ಯಾಹ್ನ. ತಡಿಯಂಡಮೋಳ್ ಬೆಟ್ಟದ ಬುಡದ ನಾಲ್ಕುನಾಡು ಅರಮನೆಯನ್ನು ದೊಡ್ಡವೀರರಾಜೇಂದ್ರ 1792ರ ಹೊತ್ತಿಗೆ ಕಟ್ಟಿಸಿದ. ಮರದ ಕೆತ್ತನೆಯ ಕಂಬಗಳ ಎರಡು ಅಂತಸ್ತಿನ ಮನೆ. ಮುಂದೆ, ಮಹಾದೇವಮ್ಮಾಜಿಯೊಂದಿಗಿನ ಮದುವೆಯ ನೆನಪಿನ ಪುಟ್ಟ ಮಂಟಪ. 1834ರಲ್ಲಿ ಬ್ರಿಟಿಷರು ಕೊಡಗನ್ನು ಹಿಡಿದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಆಶ್ರಯ ಪಡೆದದ್ದೂ ಇಲ್ಲಿಯೇ.

ಗಾರೆಯ ಕೆಲಸ ಕಣ್ಣೆದುರೇ ನಡೆಯುವುದನ್ನು ಕಂಡದ್ದು ಮಾತ್ರ ಭಾವನ ತೋಟದ ಹಳೆಯ ಕಾಫಿ ಉಗ್ರಾಣದಲ್ಲಿ. ಅದರ ಗೋಡೆಗೆ ಹಿಂದೊಮ್ಮೆ ಸಿಮೆಂಟಿನ ತೇಪೆ ಹಾಕಿಸಿದ್ದರು. ತೇಪೆ ಗಟ್ಟಿಯಾಗಿಯೇ ಇತ್ತು. ಅದರ ಸುತ್ತಲಿನ ಹಳೆಯ ಗಾರೆ ಬೆರಳಿಗೆ ಪುಡಿಯಾಗಿ ಉದುರುತ್ತಿತ್ತು. ಮೇಸ್ತ್ರಿ ಉಳಿಯಿಂದ ತೇಪೆಯ ಅಂಚನ್ನು ಎಬ್ಬಿಸಿದಾಗ ಹಿಂದಿನ ಇಟ್ಟಿಗೆ ಕಪ್ಪಾಗಿ, ಒದ್ದೆಯಾಗಿ ಕಂಡಿತು. ಸುಣ್ಣದ ಗಾರೆಯಲ್ಲಿ ಒಳಹೊಕ್ಕ ತೇವ ನಿಧಾನವಾಗಿ ಆರಿಹೋಗುತ್ತದೆ. ಸಿಮೆಂಟು ಅದಕ್ಕೆ ದಾರಿ ಕೊಡುವುದಿಲ್ಲ. ಹಳೆಯ ಕಟ್ಟಡಕ್ಕೆ ಸಿಮೆಂಟು ಮೆತ್ತುವುದು ದುರಸ್ತಿಯಲ್ಲ, ಅದು ಗೋಡೆಯನ್ನು ಒಳಗಿನಿಂದ ಕೊಲ್ಲುವ ಕೆಲಸ. ಕೊಡಗಿನ ಮಳೆಯಲ್ಲಂತೂ ಖಂಡಿತ.

ಪಕ್ಕದ ತೊಟ್ಟಿಯಲ್ಲಿ ಸುಣ್ಣ ಅರಳುತ್ತಿತ್ತು. ಮೇಸ್ತ್ರಿ ನೀರು ಹೊಯ್ದ ಸ್ವಲ್ಪ ಹೊತ್ತಿಗೇ ಹರಳುಗಳು ಬಿರಿದು, ಹಬೆಯೆದ್ದು, ತೊಟ್ಟಿಯ ತುಂಬ ಬಿಳಿಯ ಬುರುಗು ಕುದಿಯತೊಡಗಿತು. ಹತ್ತಿರ ಬಗ್ಗಿದ ನನ್ನನ್ನು ಅವರು ತಡೆದರು: “ದೂರ ನಿಲ್ಲಿ ಸಾರ್, ಕಣ್ಣಿಗೆ ಸಿಡಿದೀತು. ಇದು ಇನ್ನೂ ಎಷ್ಟೋ ದಿನ ನೀರಿನಲ್ಲೇ ಮುಳುಗಿರಬೇಕು. ಅರಳದ ಹರಳು ಒಂದೇ ಒಂದು ಉಳಿದರೂ ಗೋಡೆಯ ಮೇಲೆ ಮೊಡವೆಯಂತೆ ಒಡೆಯುತ್ತದೆ.” ಆಮೇಲೆ ಅದಕ್ಕೆ ಮರಳು, ಇಟ್ಟಿಗೆ ಪುಡಿಯ ಸುರ್ಕಿ ಸೇರಿಸಿ ಅರೆಯುತ್ತಾರೆ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುವುದೂ ಉಂಟು. ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ವರ್ಷಗಳುದ್ದಕ್ಕೂ ಮತ್ತೆ ಕಲ್ಲಾಗುತ್ತ ಹೋಗುತ್ತದೆ.

ಉಗ್ರಾಣದೊಳಗೆ ಸುಣ್ಣದ ಚೀಲಗಳು ಬೇರೆಯೇ ಇದ್ದವು. ಹುಳಿ ಮಣ್ಣಿಗೆ ಚೆಲ್ಲಲು, ಬಿಳಿ ಕಾಂಡಕೊರಕ ದುಂಬಿ ಮೊಟ್ಟೆಯಿಡದಂತೆ ಅರೇಬಿಕಾ ಗಿಡದ ಕಾಂಡಕ್ಕೆ ಬಳಿಯಲು, ರೋಗ ಬಾರದಂತೆ ಮೆಣಸಿನ ಬಳ್ಳಿಗೆ ಸಿಂಪಡಿಸುವ ಬೋರ್ಡೊ ದ್ರಾವಣಕ್ಕೆ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ ಎಂಬ ಲೆಕ್ಕ ಬೆಳೆಗಾರರಿಗೆಲ್ಲ ಬಾಯಿಪಾಠ. ಇದೂ ಲಾರಿಯಲ್ಲಿ ಹೊರಗಿನಿಂದಲೇ ಬರಬೇಕು.

ಉಳಿದ ಗೋಡೆಗಳ ಸಿಮೆಂಟನ್ನೂ ಕೆತ್ತಿಸಿ ಸುಣ್ಣದ ಗಾರೆಯನ್ನೇ ಹಾಕಿಸಲು ಭಾವ ಒಪ್ಪಿದ್ದಾನೆ. ಕಾಫಿ ಕೊಯ್ಲು ಮುಗಿದು ಮುಂಗಾರು ಹಿಡಿಯುವ ನಡುವೆ ಆ ಕೆಲಸ ಆಗಬೇಕು. ಅಷ್ಟರೊಳಗೆ ಅರಳಿ ಹದವಾಗಿರಲೆಂದು ಮೇಸ್ತ್ರಿ ಇನ್ನೊಂದು ತೊಟ್ಟಿಗೆ ಅಳತೆ ಗುರುತು ಹಾಕಿದರು.